ನಲ್ ಏಕೆ ಆಬ್ಜೆಕ್ಟ್ ಆಯಿತು

ಡಗ್ಲಸ್ ಕ್ರಾಕ್‌ಫರ್ಡ್ ಬರೆದ ‘ಜೇಸನ್2’ ಎಂಬ ಜಾವಾಸ್ಕ್ರಿಪ್ಟ್ ಕಡತದಲ್ಲಿ ಎಂದೂ ಓಡದ ಒಂದು ಸಾಲಿದೆ. ಮಾಹಿತಿಯನ್ನು ಬರೆದು ಕಳಿಸುವ ‘ಜೇಸನ್’ ರೂಪವನ್ನು ಓದುವುದು, ಬರೆಯುವುದು ಬ್ರೌಸರ್‌ಗಳಿಗೆ ತಾವಾಗಿ ಬಾರದಿದ್ದ ಕಾಲದಲ್ಲಿ ಅಸಂಖ್ಯ ವೆಬ್‌ಸೈಟ್‌ಗಳು ಈ ಪುಟ್ಟ ಕಡತವನ್ನು ಜೊತೆಗಿಟ್ಟುಕೊಂಡಿದ್ದವು. ಕೈಗೆ ಬಂದ ವ್ಯಾಲ್ಯೂ ಯಾವ ಟೈಪಿನದು ಎಂದು ಅದು ‘ಟೈಪ್‌ಆಫ್’ ಆಪರೇಟರನ್ನು ಕೇಳುತ್ತದೆ. ಸ್ಟ್ರಿಂಗ್ ಎಂದರೆ ಒಂದು ದಾರಿ, ನಂಬರ್ ಎಂದರೆ ಇನ್ನೊಂದು, ‘ನಲ್’ ಎಂದರೆ ಮತ್ತೊಂದು. ತಮಾಷೆಯೆಂದರೆ ಟೈಪ್‌ಆಫ್ ಯಾವತ್ತೂ ‘ನಲ್’ ಎಂಬ ಉತ್ತರ ಕೊಡುವುದೇ ಇಲ್ಲ. ನಲ್ ಅನ್ನು ಮುಂದಿಟ್ಟು ಕೇಳಿದರೆ ‘ಆಬ್ಜೆಕ್ಟ್’ ಎನ್ನುತ್ತದೆ. ಇದು ತಿಳಿದೇ ಕ್ರಾಕ್‌ಫರ್ಡ್ ಆ ದಾರಿಯನ್ನು ಇಟ್ಟಿದ್ದರು. ಮುಂದೆಂದಾದರೂ ಭಾಷೆಯ ಈ ತಪ್ಪನ್ನು ತಿದ್ದಿದರೆ ತನ್ನ ಕೋಡ್ ಕೆಡಬಾರದು ಎಂಬ ಮುನ್ನೆಚ್ಚರಿಕೆ ಅದು; ಪಕ್ಕದ ಟಿಪ್ಪಣಿಯಲ್ಲಿ ಅವರೇ ಹಾಗೆಂದು ಬರೆದಿದ್ದಾರೆ.

ತಪ್ಪನ್ನು ಯಾರೂ ತಿದ್ದಲಿಲ್ಲ. ಇವತ್ತಿಗೂ ಯಾವ ಬ್ರೌಸರ್ ತೆರೆದು ಕೇಳಿದರೂ ಉತ್ತರ ಅದೇ. ತಿದ್ದುವಷ್ಟು ತಿಳಿವಳಿಕೆ ಇಲ್ಲದ್ದರಿಂದ ಹೀಗಾದದ್ದಲ್ಲ. ತಿದ್ದಿದರೆ ಬೇರೆಯವರ ಪುಟಗಳು ಕೆಡುತ್ತವೆ ಎಂಬ ಕಾರಣಕ್ಕೆ ಹಾಗೇ ಬಿಟ್ಟರು. ಜಾವಾಸ್ಕ್ರಿಪ್ಟ್‌ನಲ್ಲಿ ಟೈಪ್ ಪರೀಕ್ಷೆಯ ಚರಿತ್ರೆಯುದ್ದಕ್ಕೂ ಕಾಣುವುದು ಈ ಸಂಯಮವೇ. ಭಾಷೆ ಬಗೆಹರಿಸದೆ ಬಿಟ್ಟದ್ದನ್ನು ಪ್ರೋಗ್ರಾಮರ್‌ಗಳು ತಮ್ಮ ರೂಢಿಗಳಿಂದ ಸರಿದೂಗಿಸಿದರು. ಆ ರೂಢಿಗಳಲ್ಲಿ ಗಟ್ಟಿಯಾಗಿ ಉಳಿದವನ್ನು ಭಾಷೆ ಎಷ್ಟೋ ವರ್ಷಗಳ ಮೇಲೆ ತನ್ನದಾಗಿಸಿಕೊಂಡಿತು.

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿದ್ದ ನೆಟ್‌ಸ್ಕೇಪ್ ಕಂಪನಿಗೆ ಬ್ರೆಂಡನ್ ಐಕ್ ಸೇರಿದ್ದು 1995ರ ಏಪ್ರಿಲ್‌ನಲ್ಲಿ. ‘ಸ್ಕೀಮ್’ ಎಂಬ ಸರಳ, ಸುಂದರ ಭಾಷೆಯನ್ನು ಬ್ರೌಸರ್‌ನೊಳಗೆ ತರಬಹುದು ಎಂಬ ಆಸೆ ತೋರಿಸಿ ಅವರನ್ನು ಕರೆತಂದಿದ್ದರು. ಅಷ್ಟರಲ್ಲಿ ಸನ್ ಕಂಪನಿಯ ಜೊತೆ ಅದರ ಜಾವಾ ಭಾಷೆಯ ಕುರಿತು ಮಾತುಕತೆ ಕುದುರಿ, ಹೊಸ ಭಾಷೆ ನೋಡಲು ಜಾವಾದಂತೆಯೇ ಇರಬೇಕು ಎಂಬ ಷರತ್ತು ಬಂತು. ಮೇ ತಿಂಗಳಲ್ಲಿ ಸುಮಾರು ಹತ್ತು ದಿನಗಳಲ್ಲಿ ಐಕ್ ಮೊದಲ ಮಾದರಿಯನ್ನು ಬರೆದು ಮುಗಿಸಿದರು. ಒಳಗಿನವರು ಅದನ್ನು ‘ಮೋಕಾ’ ಎನ್ನುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅದು ‘ಲೈವ್‌ಸ್ಕ್ರಿಪ್ಟ್’ ಆಯಿತು, ಡಿಸೆಂಬರ್‌ನಲ್ಲಿ ‘ಜಾವಾಸ್ಕ್ರಿಪ್ಟ್’.

ಆಗಿನ ಜಾವಾದಲ್ಲಿ ವೇರಿಯಬಲ್ ಹುಟ್ಟುವಾಗಲೇ ಅದರ ಟೈಪ್ ಘೋಷಿಸಬೇಕಿತ್ತು. ನಂಬರ್ ಎಂದು ಘೋಷಿಸಿದ ವೇರಿಯಬಲ್‌ಗೆ ಸ್ಟ್ರಿಂಗ್ ಹಾಕಲು ಹೋದರೆ ಕಂಪೈಲರ್ ಬಿಡುವುದಿಲ್ಲ. ಐಕ್ ಬರೆದ ಭಾಷೆ ನೋಟಕ್ಕೆ ಜಾವಾದಂತಿದ್ದರೂ ಸ್ವಭಾವದಲ್ಲಿ ಹಾಗಿರಲಿಲ್ಲ. ಇಲ್ಲಿ ವೇರಿಯಬಲ್‌ಗೆ ಟೈಪ್ ಇಲ್ಲ, ವ್ಯಾಲ್ಯೂಗೆ ಇದೆ. ಒಂದೇ ವೇರಿಯಬಲ್ ಬೆಳಿಗ್ಗೆ ಸಂಖ್ಯೆಯನ್ನೂ ಸಂಜೆ ಹೆಸರನ್ನೂ ಇಟ್ಟುಕೊಳ್ಳಬಹುದು. ವೆಬ್ ಪುಟಕ್ಕೆ ಚೂರುಪಾರು ಚಲನೆ ಕೊಡಬೇಕೆನ್ನುವ ಹವ್ಯಾಸಿಗಳನ್ನು ಟೈಪುಗಳ ಘೋಷಣೆಯಿಂದ ಹೆದರಿಸಬಾರದು ಎಂಬುದು ಆಗಿನ ಲೆಕ್ಕಾಚಾರ. ಹೀಗೆ ಮಾಡಿದ ಮೇಲೆ, ಈಗ ನನ್ನ ಕೈಯಲ್ಲಿರುವುದು ಏನು ಎಂದು ಕೋಡ್ ಓಡುತ್ತಿರುವಾಗಲೇ ಕೇಳಿ ತಿಳಿಯುವ ಉಪಾಯವೊಂದು ಬೇಕೇ ಬೇಕು. ಟೈಪ್‌ಆಫ್ ಹುಟ್ಟಿದ್ದು ಈ ಅಗತ್ಯಕ್ಕೆ. ನೆಟ್‌ಸ್ಕೇಪ್‌ನ ಕೈಪಿಡಿಗಳು ಅದನ್ನು ಜಾವಾಸ್ಕ್ರಿಪ್ಟ್ 1.1ರ, ಅಂದರೆ 1996ರ ನ್ಯಾವಿಗೇಟರ್ 3ರ ಸೇರ್ಪಡೆ ಎಂದು ದಾಖಲಿಸಿವೆ.

ಇನ್ನು ನಲ್ ಕಥೆ. ಪ್ರತಿ ವ್ಯಾಲ್ಯೂ ಜೊತೆಗೂ, ಕೋಡ್ ಓಡಿಸುವ ಎಂಜಿನ್ ಒಂದು ಗುರುತುಚೀಟಿ ಇಡುತ್ತದೆ, ಅದಕ್ಕೆ ‘ಟ್ಯಾಗ್’ ಎನ್ನುತ್ತಾರೆ. 1996ರಲ್ಲಿ ಐಕ್ ತಮ್ಮ ಎಂಜಿನ್ನನ್ನು ಮರಳಿ ಬರೆದಾಗ, ಆ ‘ಸ್ಪೈಡರ್‌ಮಂಕಿ’ಯಲ್ಲಿ ಒಂದು ವ್ಯಾಲ್ಯೂಗೆ 32 ಬಿಟ್‌ಗಳ ಜಾಗ. ಅದರ ಕೊನೆಯ ಕೆಲವು ಬಿಟ್‌ಗಳೇ ಟ್ಯಾಗ್. ಕೊನೆಯ ಬಿಟ್ 1 ಆಗಿದ್ದರೆ ಪೂರ್ಣಾಂಕ. ಕೊನೆಯ ಮೂರು ಬಿಟ್‌ಗಳು 010 ಆಗಿದ್ದರೆ ದಶಮಾಂಶ ಸಂಖ್ಯೆ, 100 ಆಗಿದ್ದರೆ ಸ್ಟ್ರಿಂಗ್, 110 ಆಗಿದ್ದರೆ ಬೂಲಿಯನ್. ಆಬ್ಜೆಕ್ಟ್‌ಗೆ 000. ನಲ್ ಎಂದರೆ ಎಲ್ಲಿಗೂ ತೋರಿಸದ ಪಾಯಿಂಟರ್, ಸಿ ಭಾಷೆಯ ರೂಢಿಯಂತೆ 32 ಬಿಟ್‌ಗಳೂ ಸೊನ್ನೆ. ಪೂರಾ ಸೊನ್ನೆಯಾದದ್ದರ ಕೊನೆಯ ಮೂರು ಬಿಟ್‌ಗಳೂ ಸೊನ್ನೆಯೇ ತಾನೆ? ಟೈಪ್‌ಆಫ್ ಟ್ಯಾಗ್ ನೋಡಿತು, 000 ಕಂಡಿತು, ಆಬ್ಜೆಕ್ಟ್ ಎಂದಿತು. ಅದಕ್ಕೂ ಹಿಂದಿನ ಮೋಕಾದಲ್ಲಿ ಕೂಡ ನಲ್ ಮತ್ತು ಆಬ್ಜೆಕ್ಟ್ ಎರಡಕ್ಕೂ ಒಂದೇ ಟ್ಯಾಗ್ ಇತ್ತು. ನಲ್ ಅನ್ನು ಬೇರೆಯಾಗಿ ಗುರುತಿಸಬೇಕಿದ್ದರೆ ಒಂದು ಹೆಚ್ಚುವರಿ ಪರೀಕ್ಷೆ ಬರೆಯಬೇಕಿತ್ತು, ಯಾರೂ ಬರೆಯಲಿಲ್ಲ.

ಇದಕ್ಕೆ ಒಂದು ಸಮರ್ಥನೆಯೂ ಉಂಟು. ಜಾವಾಸ್ಕ್ರಿಪ್ಟ್‌ನಲ್ಲಿ ‘ಏನೂ ಇಲ್ಲ’ ಎನ್ನಲು ಎರಡು ಬಗೆ: ಅನ್‌ಡಿಫೈನ್ಡ್ ಎಂದರೆ ವ್ಯಾಲ್ಯೂವೇ ಇಲ್ಲ, ನಲ್ ಎಂದರೆ ಆಬ್ಜೆಕ್ಟ್ ಇರಬೇಕಾದಲ್ಲಿ ಆಬ್ಜೆಕ್ಟ್ ಇಲ್ಲ. ಜಾವಾದಲ್ಲೂ ನಲ್ ಇರುವುದು ಆಬ್ಜೆಕ್ಟ್‌ಗಳ ಜಾಗದಲ್ಲೇ. ಜಾವಾ ಕೋಡ್ ಜೊತೆ ಮಾತಾಡಬೇಕಾದ ಭಾಷೆ ನಲ್ ಅನ್ನು ಆಬ್ಜೆಕ್ಟ್‌ಗಳ ಮನೆಗೆ ಸೇರಿಸಿದ್ದರಲ್ಲಿ ತಕ್ಕಮಟ್ಟಿನ ತರ್ಕವಿದೆ. ಆದರೆ ಪರೀಕ್ಷೆಗೆಂದೇ ಇರುವ ಆಪರೇಟರ್ ಒಂದು ಆಬ್ಜೆಕ್ಟ್ ಎಂದ ಮೇಲೆ ಪ್ರೋಗ್ರಾಮರ್ ಅದನ್ನು ನಂಬಿ ಅದರೊಳಗೆ ಕೈ ಹಾಕುತ್ತಾನೆ. ಅಲ್ಲಿರುವುದು ನಲ್ ಆಗಿದ್ದರೆ ಪ್ರೋಗ್ರಾಮ್ ಅಲ್ಲೇ ಕುಸಿಯುತ್ತದೆ. ಸಮರ್ಥನೆ ಎಷ್ಟೇ ಜಾಣತನದ್ದಾದರೂ ಆ ಕುಸಿತವನ್ನು ತಡೆಯಲಿಲ್ಲ.

ಅದೇ ಮೊದಲ ದಿನಗಳ ಇನ್ನೊಂದು ನಿರ್ಧಾರ ಇದಕ್ಕಿಂತ ಹೆಚ್ಚು ಹಾನಿ ಮಾಡಿತು ಎನ್ನಬೇಕು. ಐಕ್ ಮೊದಲು ಬರೆದ == ಆಪರೇಟರ್ ಎರಡು ಬೇರೆ ಟೈಪುಗಳನ್ನು ಸಮ ಎನ್ನುತ್ತಿರಲಿಲ್ಲ. ನೆಟ್‌ಸ್ಕೇಪ್‌ನೊಳಗೆ ಭಾಷೆಯನ್ನು ಮೊದಲು ಬಳಸಿದವರು, 404 ಎಂಬ ಸಂಖ್ಯೆಯನ್ನೂ 404 ಎಂದು ಬರೆದ ಸ್ಟ್ರಿಂಗನ್ನೂ ಹೋಲಿಸಿದರೆ ಸಮ ಎಂದೇ ಬರಲಿ ಎಂದು ಕೇಳಿದರು. ಐಕ್ ಒಪ್ಪಿದರು. ಆ ಒಪ್ಪಿಗೆಯ ಬಗ್ಗೆ ಅವರು ನಂತರ ಹಲವು ಸಲ ಬಹಿರಂಗವಾಗಿ ವಿಷಾದಿಸಿದ್ದಾರೆ. ಅವತ್ತಿನಿಂದ ಖಾಲಿ ಸ್ಟ್ರಿಂಗ್ ಸೊನ್ನೆಗೆ ಸಮವಾಯಿತು, ‘0’ ಎಂಬ ಸ್ಟ್ರಿಂಗ್ ಫಾಲ್ಸ್‌ಗೆ ಸಮವಾಯಿತು. 1997ರ ಜಾವಾಸ್ಕ್ರಿಪ್ಟ್ 1.2ರಲ್ಲಿ ನೆಟ್‌ಸ್ಕೇಪ್ ಇದನ್ನು ತಿದ್ದಲು ನೋಡಿತು. ಸ್ಕ್ರಿಪ್ಟ್ ಟ್ಯಾಗಿನಲ್ಲಿ ಆ ಆವೃತ್ತಿಯ ಹೆಸರು ಬರೆದವರಿಗೆ ಮಾತ್ರ == ಟೈಪ್ ಬದಲಿಸದೆ ಹೋಲಿಸುತ್ತಿತ್ತು. ಹೊತ್ತು ಮೀರಿತ್ತು. ಮೈಕ್ರೋಸಾಫ್ಟ್ ಆಗಲೇ 1996ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರಲ್ಲಿ ‘ಜೆಸ್ಕ್ರಿಪ್ಟ್’ ಹೆಸರಿನಲ್ಲಿ ಈ ಭಾಷೆಯ ತದ್ರೂಪವನ್ನು ತಂದಿತ್ತು. 1996ರ ನವೆಂಬರ್‌ನಲ್ಲಿ ಯುರೋಪಿನ ಎಕ್ಮಾ ಸಂಸ್ಥೆಯಡಿ ಮಾನಕ ರೂಪಿಸುವ ಕೆಲಸವೂ ಶುರುವಾಗಿತ್ತು. 1997ರ ಜೂನ್‌ನಲ್ಲಿ ಹೊರಬಂದ ಎಕ್ಮಾ-262ರ ಮೊದಲ ಆವೃತ್ತಿ ಹಳೆಯ ==ಗೇ ಮುದ್ರೆ ಒತ್ತಿತು. ಅದೇ ದಸ್ತಾವೇಜಿನ ಟೈಪ್‌ಆಫ್ ಕೋಷ್ಟಕದಲ್ಲಿ ನಲ್ ಎದುರಿಗೆ ‘ಆಬ್ಜೆಕ್ಟ್’ ಎಂದು ಅಚ್ಚಾಯಿತು. ಒಂದು ಕಂಪನಿಯ ಎಂಜಿನ್ನಿನ ಒಳಗುಟ್ಟು ಹೀಗೆ ಎಲ್ಲರ ಮೇಲೂ ನಿಯಮವಾಯಿತು.

ಸರ್ವೆಯವರು ಒಮ್ಮೆ ಗಡಿಕಲ್ಲನ್ನು ಎರಡು ಮೊಳ ಅತ್ತ ನೆಟ್ಟುಹೋದರೆ, ಅದನ್ನು ನಂಬಿ ಬೇಲಿ ಹಾಕಿದವರು, ಬಾವಿ ತೋಡಿದವರು, ಮನೆ ಕಟ್ಟಿದವರು ಎಲ್ಲ ಸೇರಿದ ಮೇಲೆ ಕಲ್ಲನ್ನು ಸರಿಯಾದ ಜಾಗಕ್ಕೆ ಸರಿಸುವುದೇ ಅನ್ಯಾಯವಾಗುತ್ತದೆ. ಎಕ್ಮಾದ ಸಮಿತಿ ಸಿಕ್ಕಿಕೊಂಡದ್ದು ಇಂಥ ಸ್ಥಿತಿಯಲ್ಲಿ. ಹಳೆಯದನ್ನು ಮುಟ್ಟದೆ ಹೊಸದನ್ನು ಪಕ್ಕದಲ್ಲಿ ಸೇರಿಸುವ ದಾರಿಯನ್ನು ಅದು ಹಿಡಿಯಿತು. 1999ರ ಡಿಸೆಂಬರ್‌ನ ಮೂರನೆಯ ಆವೃತ್ತಿಯಲ್ಲಿ === ಬಂತು: ಟೈಪ್ ಬೇರೆಯಾದರೆ ಸಮವಲ್ಲ, ಮುಗಿಯಿತು. ಆಬ್ಜೆಕ್ಟ್ ಯಾವ ಕನ್‌ಸ್ಟ್ರಕ್ಟರ್‌ನಿಂದ ಹುಟ್ಟಿದ್ದು ಎಂದು ಕೇಳುವ ‘ಇನ್‌ಸ್ಟನ್ಸ್‌ಆಫ್’ ಸಹ ಅದೇ ಆವೃತ್ತಿಯದು.

ಹೊಸ === ಬಂದ ಮೇಲೂ ಹಳೆಯ ==ಗೆ ಒಂದು ಒಳ್ಳೆಯ ಕೆಲಸ ಉಳಿಯಿತು. ನಲ್ ಮತ್ತು ಅನ್‌ಡಿಫೈನ್ಡ್ ಅದರ ಕಣ್ಣಿಗೆ ಪರಸ್ಪರ ಸಮ, ಬೇರೆ ಯಾವುದಕ್ಕೂ ಸಮವಲ್ಲ. ಹಾಗಾಗಿ ‘ಏನೂ ಇಲ್ಲ’ದ ಎರಡೂ ಬಗೆಯನ್ನು ಒಂದೇ ಏಟಿಗೆ ಹಿಡಿಯಲು ನಲ್ ಜೊತೆ == ಬಳಸುವುದು ರೂಢಿಯಾಯಿತು. ಎಲ್ಲೆಡೆ === ಬೇಕೆನ್ನುವ ಜೆಕ್ವೆರಿ ಯೋಜನೆಯ ಶೈಲಿ ನಿಯಮಗಳು ಇದೊಂದಕ್ಕೆ ವಿನಾಯಿತಿ ಕೊಟ್ಟಿವೆ.

ಟೈಪ್‌ಆಫ್‌ನ ಮತ್ತೊಂದು ಗುಣ ಭಾಷೆಯನ್ನು ರೂಪಿಸಿದವರೂ ಊಹಿಸದಷ್ಟು ದೂರ ಹೋಯಿತು. ಘೋಷಿಸದೇ ಇರುವ ಹೆಸರನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮುಟ್ಟಿದರೆ ದೋಷ ಎದ್ದು ಪ್ರೋಗ್ರಾಮ್ ನಿಲ್ಲುತ್ತದೆ. ಅದೇ ಹೆಸರಿನ ಬಗ್ಗೆ ಟೈಪ್‌ಆಫ್‌ನಲ್ಲಿ ಕೇಳಿದರೆ ಗದ್ದಲವಿಲ್ಲದೆ ‘ಅನ್‌ಡಿಫೈನ್ಡ್’ ಎನ್ನುತ್ತದೆ. ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಕಾದಾಡುತ್ತಿದ್ದ ವರ್ಷಗಳಲ್ಲಿ ಒಂದು ಬ್ರೌಸರ್‌ನಲ್ಲಿದ್ದ ಸೌಲಭ್ಯ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಹೀಗಾಗಿ ‘ನಿನ್ನಲ್ಲಿ ಇಂಥದ್ದು ಇದೆಯೇ’ ಎಂದು ಕೇಳುವ ಸುರಕ್ಷಿತ ವಿಧಾನವಾಗಿ ಟೈಪ್‌ಆಫ್ ಬೆಳೆಯಿತು. ಬ್ರೌಸರ್‌ನ ಹೆಸರು ಕೇಳಿ ಅದರ ಯೋಗ್ಯತೆ ಊಹಿಸುವ ಬದಲು ಸೌಲಭ್ಯವನ್ನೇ ನೇರವಾಗಿ ಕೇಳುವ ಈ ಪದ್ಧತಿ ವೆಬ್‌ನಲ್ಲಿ ಬೆಳೆದ ಅತ್ಯಂತ ಆರೋಗ್ಯಕರ ರೂಢಿಗಳಲ್ಲಿ ಒಂದು. ಪುಟ ಮತ್ತೆ ಲೋಡ್ ಆಗದೆ ಸರ್ವರ್‌ನಿಂದ ಮಾಹಿತಿ ತರುವ ‘ಎಕ್ಸ್‌ಎಮ್‌ಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್’ ಜನಪ್ರಿಯವಾದ 2005ರ ಸುಮಾರಿಗೆ, ಅದನ್ನು ಬಳಸುವ ಮುನ್ನ ಟೈಪ್‌ಆಫ್ ಕೇಳುವುದು ಮಾಮೂಲಿ ಕ್ರಮವಾಗಿತ್ತು.

ಈ ಪದ್ಧತಿ ಒಂದು ವಿಚಿತ್ರವನ್ನೂ ಹುಟ್ಟುಹಾಕಿತು. ಹಳೆಯ ಪುಟಗಳು ‘ಡಾಕ್ಯುಮೆಂಟ್ ಆಲ್’ ಎಂಬ ಮೈಕ್ರೋಸಾಫ್ಟ್ ಸೌಲಭ್ಯ ಇದೆಯೇ ಎಂದು ನೋಡಿ, ಇದ್ದರೆ ಇದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂದು ತೀರ್ಮಾನಿಸುತ್ತಿದ್ದವು. ಆ ಸೌಲಭ್ಯವನ್ನು ಕೇಳದೆಯೇ ಬಳಸುವ ಪುಟಗಳೂ ಇದ್ದವು. ಎರಡೂ ಬಗೆಯ ಪುಟಗಳು ನಡೆಯಬೇಕೆಂದರೆ ಉಳಿದ ಬ್ರೌಸರ್‌ಗಳು ಅದನ್ನು ಕೊಡಬೇಕು, ಕೇಳಿದವರಿಗೆ ಮಾತ್ರ ಇಲ್ಲ ಎನ್ನಬೇಕು. ಅವು ಹಾಗೆಯೇ ಮಾಡಿದವು. ಕಣ್ಣೆದುರು ಇರುವ, ಕೆಲಸವನ್ನೂ ಮಾಡುವ ಆಬ್ಜೆಕ್ಟ್ ಒಂದಕ್ಕೆ ಟೈಪ್‌ಆಫ್ ‘ಅನ್‌ಡಿಫೈನ್ಡ್’ ಎನ್ನುತ್ತದೆ. ಈ ಅಪವಾದವನ್ನು ಭಾಷೆಯ ಮಾನಕದ ಅನುಬಂಧದಲ್ಲಿ ಅಧಿಕೃತವಾಗಿಯೇ ಬರೆದಿಟ್ಟಿದ್ದಾರೆ.

ಅರೇಗಳ ಪಾಡು ಇನ್ನೂ ಕಷ್ಟದ್ದು. ಜಾವಾಸ್ಕ್ರಿಪ್ಟ್‌ನಲ್ಲಿ ಅರೇ ಕೂಡ ಒಂದು ಆಬ್ಜೆಕ್ಟ್, ಆದ್ದರಿಂದ ಟೈಪ್‌ಆಫ್ ಅದನ್ನು ಆಬ್ಜೆಕ್ಟ್ ಎನ್ನುತ್ತದೆ. ಪಟ್ಟಿ ಬಂದಿದೆಯೋ ಒಂಟಿ ವಸ್ತು ಬಂದಿದೆಯೋ ತಿಳಿಯದೆ ಕೋಡ್ ಬರೆಯುವುದು ಹೇಗೆ? ಇನ್‌ಸ್ಟನ್ಸ್‌ಆಫ್ ಬಂದಾಗ ಉತ್ತರ ಸಿಕ್ಕಿತು ಎಂದುಕೊಂಡವರಿಗೆ ಫ್ರೇಮ್‌ಗಳು ಅಡ್ಡ ಬಂದವು. ಒಂದೇ ಪುಟದೊಳಗೆ ಹಲವು ಪುಟಗಳನ್ನು ತೋರಿಸುವ ಫ್ರೇಮ್ ನೆಟ್‌ಸ್ಕೇಪ್ 2ರ ಕಾಲದಿಂದ ಇದೆ. ಪ್ರತಿ ಫ್ರೇಮ್‌ಗೂ ಅದರದೇ ಜಾವಾಸ್ಕ್ರಿಪ್ಟ್ ಲೋಕ, ಅದರದೇ ಅರೇ ಕನ್‌ಸ್ಟ್ರಕ್ಟರ್. ಒಂದು ಫ್ರೇಮ್‌ನಲ್ಲಿ ಹುಟ್ಟಿದ ಅರೇಯನ್ನು ಇನ್ನೊಂದಕ್ಕೆ ಕಳಿಸಿ ‘ಇದು ನಮ್ಮ ಅರೇಯೇ’ ಎಂದು ಇನ್‌ಸ್ಟನ್ಸ್‌ಆಫ್ ಮೂಲಕ ಕೇಳಿದರೆ, ಅಲ್ಲ ಎಂಬ ಉತ್ತರ ಬರುತ್ತದೆ. ನಿಯಮದ ಪ್ರಕಾರ ಉತ್ತರ ಸರಿ. ಕೇಳಿದವನಿಗೆ ಬೇಕಾದದ್ದು ಮಾತ್ರ ಅದಲ್ಲ.

ಕ್ರಾಕ್‌ಫರ್ಡ್ ಒಂದು ಉಪಾಯ ಕಲಿಸಿದರು. ಕೈಗೆ ಬಂದ ಆಬ್ಜೆಕ್ಟ್‌ನಲ್ಲಿ ‘ಲೆಂಗ್ತ್’ ಎಂಬ ಸಂಖ್ಯೆ ಇದೆಯೇ, ‘ಸ್ಪ್ಲೈಸ್’ ಎಂಬ ಫಂಕ್ಷನ್ ಇದೆಯೇ ಎಂದು ಒಂದೊಂದಾಗಿ ನೋಡಿ, ಅರೇಯ ಲಕ್ಷಣಗಳಿದ್ದರೆ ಅರೇ ಎಂದು ನಂಬುವುದು. ನಕಲಿ ಮಾಡುವವರಿಗೆ ಇದು ಸುಲಭದ ತುತ್ತು. ಗೂಗಲ್‌ನ ಮಾರ್ಕ್ ಮಿಲ್ಲರ್ ಹೆಸರಿನೊಂದಿಗೆ ಹಬ್ಬಿದ ಉಪಾಯ ಹೆಚ್ಚು ಗಟ್ಟಿ. ಪ್ರತಿ ಆಬ್ಜೆಕ್ಟ್‌ಗೂ ಎಂಜಿನ್ ಒಳಗೊಳಗೆ ಒಂದು ‘ಕ್ಲಾಸ್’ ಹೆಸರು ಇಟ್ಟಿರುತ್ತದೆ. ಅದನ್ನು ನೇರವಾಗಿ ಓದುವಂತಿಲ್ಲ. ಆದರೆ ಆಬ್ಜೆಕ್ಟ್‌ಗಳ ಮೂಲ ‘ಟುಸ್ಟ್ರಿಂಗ್’ ಫಂಕ್ಷನ್ನನ್ನು ಅರೇ ಮೇಲೆ ಓಡಿಸಿದರೆ, ಚೌಕ ಕಂಸದೊಳಗೆ ‘ಆಬ್ಜೆಕ್ಟ್ ಅರೇ’ ಎಂಬ ಬರಹ ಹೊರಬೀಳುತ್ತದೆ. ಮೂರನೆಯ ಆವೃತ್ತಿಯ ನಿಯಮದಲ್ಲೇ ಅಡಗಿದ್ದ ಈ ಕಿಂಡಿಯಿಂದ ನೋಡಿದರೆ ಫ್ರೇಮ್‌ಗಳ ಗೋಡೆ ಅಡ್ಡಬರುವುದಿಲ್ಲ. ಕೆಲವೇ ಕಾಲದಲ್ಲಿ ದೊಡ್ಡ ಲೈಬ್ರರಿಗಳೆಲ್ಲ ಇದನ್ನು ಎತ್ತಿಕೊಂಡವು. ಜಾನ್ ರೆಸಿಗ್ ಅವರ ಜೆಕ್ವೆರಿ, ಜೆರೆಮಿ ಆ್ಯಶ್‌ಕೆನಾಸ್ ಅವರ ಅಂಡರ್‌ಸ್ಕೋರ್, ಆಮೇಲೆ ಬಂದ ಲೋಡ್ಯಾಶ್, ಎಲ್ಲದರಲ್ಲೂ ‘ಈಸ್‌ಅರೇ’ ತರದ ಸಹಾಯಕ ಫಂಕ್ಷನ್‌ಗಳ ಒಂದು ಸಾಲೇ ಇರುತ್ತಿತ್ತು.

2009ರ ಡಿಸೆಂಬರ್‌ನಲ್ಲಿ ಬಂದ ಐದನೆಯ ಆವೃತ್ತಿ ‘ಅರೇ ಈಸ್‌ಅರೇ’ ಎಂಬ ಫಂಕ್ಷನ್ನನ್ನು ಭಾಷೆಗೇ ಸೇರಿಸಿತು. ಹದಿಮೂರು ವರ್ಷ ಪ್ರೋಗ್ರಾಮರ್‌ಗಳು ಹೊರಗೆ ಹೊತ್ತ ಕೆಲಸವನ್ನು ಕೊನೆಗೆ ಒಂದೇ ಸಾಲು ಹೊತ್ತುಕೊಂಡಿತು. ಈ ಚರಿತ್ರೆಯಲ್ಲಿ ಇದಕ್ಕಿಂತ ಸಂತೋಷ ಕೊಡುವ ಘಳಿಗೆ ಇಲ್ಲ.

ನಾಲ್ಕನೆಯ ಆವೃತ್ತಿ ಏನಾಯಿತು ಎಂಬ ಪ್ರಶ್ನೆ ಸಹಜ. ಅದು ಬರಲೇ ಇಲ್ಲ. ವೇರಿಯಬಲ್‌ಗಳಿಗೆ ಬೇಕಿದ್ದರೆ ಟೈಪ್ ಘೋಷಿಸಬಹುದಾದ, ಕ್ಲಾಸ್‌ಗಳೂ ಇರುವ ದೊಡ್ಡ ಭಾಷೆಯೊಂದರ ಕನಸು ಅದು. ಅಡೋಬಿಯ ‘ಆ್ಯಕ್ಷನ್‌ಸ್ಕ್ರಿಪ್ಟ್ 3’ ಅದರ ಕರಡುಗಳನ್ನು ನೆಚ್ಚಿ 2006ರಲ್ಲಿ ಹೊರಬಂದಿತ್ತು. ಮೈಕ್ರೋಸಾಫ್ಟ್ ಮತ್ತು ಆಗ ಯಾಹೂದಲ್ಲಿದ್ದ ಕ್ರಾಕ್‌ಫರ್ಡ್, ಇಷ್ಟು ದೊಡ್ಡ ಬದಲಾವಣೆ ವೆಬ್‌ಗೆ ತರವಲ್ಲ ಎಂದು ವಿರೋಧಿಸಿದರು. 2008ರಲ್ಲಿ ಓಸ್ಲೋದಲ್ಲಿ ಸೇರಿದ ಸಮಿತಿ ಅದನ್ನು ಕೈಬಿಟ್ಟು, ಸಣ್ಣ ಹೆಜ್ಜೆಗಳಲ್ಲಿ ಮುಂದುವರಿಯುವ ‘ಹಾರ್ಮನಿ’ ಯೋಜನೆಗೆ ರಾಜಿಯಾಯಿತು.

ಹಾರ್ಮನಿಯಲ್ಲಿ ಐಕ್ ಮತ್ತು ಸಂಗಡಿಗರು ನಲ್ ವಿಷಯಕ್ಕೂ ಕೈ ಹಚ್ಚಿದರು. ಟೈಪ್‌ಆಫ್ ನಲ್‌ಗೆ ‘ನಲ್’ ಎನ್ನಲಿ ಎಂಬ ಪ್ರಸ್ತಾವ ಬಂತು. ಗೂಗಲ್ ಕ್ರೋಮ್‌ನ ವಿ8 ಎಂಜಿನ್‌ನಲ್ಲಿ ಬೇಕಿದ್ದವರು ಚಾಲೂ ಮಾಡಿ ನೋಡಬಹುದಾದ ಒಂದು ಪ್ರಾಯೋಗಿಕ ಗುಂಡಿಯೂ ಇತ್ತು. ಹಳೆಯ ಕೋಡ್ ತುಂಬ ‘ಟೈಪ್ ಆಬ್ಜೆಕ್ಟ್ ಆಗಿದ್ದರೆ ಒಳಹೋಗು, ಒಳಗೆ ಹೋದ ಮೇಲೆ ನಲ್ ಹೌದೇ ನೋಡು’ ಎಂಬ ಬರವಣಿಗೆ ಇತ್ತು. ಉತ್ತರ ಬದಲಾದರೆ ನಲ್ ಆ ಬಾಗಿಲನ್ನೇ ದಾಟದೆ, ಸಂಖ್ಯೆಗಳಿಗೂ ಸ್ಟ್ರಿಂಗ್‌ಗಳಿಗೂ ಇಟ್ಟ ದಾರಿಯಲ್ಲಿ ಹೋಗಿ ಬೀಳುತ್ತದೆ. ಕ್ರಾಕ್‌ಫರ್ಡ್ ತಮ್ಮ ಕಡತದಲ್ಲಿ ಎರಡೂ ಸಾಧ್ಯತೆಗೆ ಜಾಗ ಬಿಟ್ಟಿದ್ದರು. ಜಗತ್ತಿನ ಉಳಿದ ಕೋಡ್ ಬರೆದವರಿಗೆ ಅಷ್ಟು ದೂರದೃಷ್ಟಿ ಇರಬೇಕೆಂದು ಬಯಸುವುದು ಸಾಧ್ಯವೂ ಇಲ್ಲ, ನ್ಯಾಯವೂ ಅಲ್ಲ. ಬರೆದವರು ಊರು ಬಿಟ್ಟು, ಕೆಲಸ ಬಿಟ್ಟು ಹೋಗಿದ್ದರೂ ಅವರು ಬರೆದ ಪುಟಗಳು ಎಲ್ಲೋ ಇನ್ನೂ ನಡೆಯುತ್ತಿರುತ್ತವೆ. ಪ್ರಸ್ತಾವ ಬಿದ್ದುಹೋಯಿತು. ಬಿದ್ದದ್ದೇ ಒಳ್ಳೆಯದಾಯಿತು.

ಸಂಖ್ಯೆಗಳ ಕಡೆಗೂ ಒಮ್ಮೆ ನೋಡಬೇಕು, ಏಕೆಂದರೆ ಅಲ್ಲಿ ಕನ್ನಡಿಗರಿಗೆ ನೇರವಾಗಿ ತಗಲುವ ಒಂದು ಸಂಗತಿ ಇದೆ. ಸಂಖ್ಯೆಯಾಗಲಾರದ ಲೆಕ್ಕಕ್ಕೆ ಜಾವಾಸ್ಕ್ರಿಪ್ಟ್ ‘ನ್ಯಾನ್’ ಎಂಬ ವ್ಯಾಲ್ಯೂ ಕೊಡುತ್ತದೆ, ಅಂದರೆ ‘ಸಂಖ್ಯೆಯಲ್ಲ’. ಟೈಪ್‌ಆಫ್ ಕೇಳಿದರೆ ಅದೂ ‘ನಂಬರ್’. ಇದು ಜಾವಾಸ್ಕ್ರಿಪ್ಟ್‌ನ ತಪ್ಪಲ್ಲ. ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆ ವಿಲಿಯಂ ಕಹಾನ್ ಮುಂದಾಳತ್ವದಲ್ಲಿ ರೂಪುಗೊಂಡ 1985ರ ಐಟ್ರಿಪಲ್‌ಇ 754 ಮಾನಕದಲ್ಲೇ ನ್ಯಾನ್ ಸಂಖ್ಯೆಗಳ ಕುಟುಂಬದ ಸದಸ್ಯ, ತನಗೆ ತಾನೇ ಸಮವಲ್ಲದ ಸದಸ್ಯ. ಈಗ ಒಂದು ಅರ್ಜಿ ನಮೂನೆಯಲ್ಲಿ ವಯಸ್ಸಿನ ಜಾಗದಲ್ಲಿ ಒಬ್ಬರು ‘೪೫’ ಎಂದು ಕನ್ನಡ ಅಂಕಿಗಳಲ್ಲಿ ಬರೆದರು ಎನ್ನೋಣ. ಜಾವಾಸ್ಕ್ರಿಪ್ಟ್‌ನ ‘ನಂಬರ್’ ಫಂಕ್ಷನ್ 0ಯಿಂದ 9ರ ವರೆಗಿನ ಇಂಗ್ಲಿಷ್ ಅಂಕಿಗಳನ್ನು ಮಾತ್ರ ಬಲ್ಲದು. ೪೫ಕ್ಕೆ ಅದು ಕೊಡುವುದು ನ್ಯಾನ್. ಟೈಪ್ ಮಾತ್ರ ನೋಡುವ ಕೋಡ್ ‘ಹೌದು, ಇದು ನಂಬರ್’ ಎಂದು ಮುಂದೆ ಬಿಡುತ್ತದೆ. ಅದೇ ಬ್ರೌಸರ್ ‘ಇಂಟ್ಲ್’ ಸೌಲಭ್ಯದ ಮೂಲಕ 45ನ್ನು ೪೫ ಎಂದು ಅಂದವಾಗಿ ಬರೆದು ತೋರಿಸಬಲ್ಲದು, ತಾನು ಬರೆದದ್ದನ್ನು ತಾನೇ ತಿರುಗಿ ಓದಲಾರದು. ಕನ್ನಡದಲ್ಲಿ ನಮೂನೆ ಮಾಡುವವರು ಅಂಕಿಗಳನ್ನು ಮೊದಲು ಬದಲಿಸಿಕೊಂಡು, ಆಮೇಲೆ ಟೈಪನ್ನೂ ನ್ಯಾನನ್ನೂ ಎರಡನ್ನೂ ನೋಡಬೇಕು. ನ್ಯಾನ್ ಹೌದೇ ಎಂದು ಕೇಳುವ ಹಳೆಯ ‘ಈಸ್‌ನ್ಯಾನ್’ ಕೂಡ ಮೊದಲು ವ್ಯಾಲ್ಯೂವನ್ನು ಸಂಖ್ಯೆಯಾಗಿಸಲು ಹೋಗುತ್ತಿತ್ತು. ಅದರ ಪ್ರಕಾರ ‘ಕನ್ನಡ’ ಎಂಬ ಸ್ಟ್ರಿಂಗ್ ಸಹ ನ್ಯಾನ್! ಟೈಪ್ ಬದಲಿಸದೆ ನೋಡುವ ‘ನಂಬರ್ ಈಸ್‌ನ್ಯಾನ್’ 2015ರ ಆವೃತ್ತಿಯಲ್ಲಿ ಸಿಕ್ಕಿತು.

ಅದೇ 2015ರ ಆವೃತ್ತಿ ಟೈಪ್‌ಆಫ್‌ಗೆ ‘ಸಿಂಬಲ್’ ಎಂಬ ಹೊಸ ಉತ್ತರ ಕಲಿಸಿತು, 2020ರದು ‘ಬಿಗ್‌ಇಂಟ್’ ಎಂಬುದನ್ನು. 2015ರ ಬದಲಾವಣೆಗಳು ಎರಡು ಹಳೆಯ ನಂಬಿಕೆಗಳನ್ನೂ ಸಡಿಲಿಸಿದವು. ‘ಲೆಟ್’ನಿಂದ ಘೋಷಿಸಿದ ಹೆಸರನ್ನು ಆ ಘೋಷಣೆಯ ಸಾಲಿಗೂ ಮುಂಚೆ ಕೇಳಿದರೆ ಟೈಪ್‌ಆಫ್ ಕೂಡ ದೋಷ ಎಸೆಯುತ್ತದೆ, ಅದು ಎಂದೂ ಸುರಕ್ಷಿತ ಎಂಬ ಮಾತು ಅಲ್ಲಿಗೆ ಮುಗಿಯಿತು. ಟುಸ್ಟ್ರಿಂಗ್ ಕಿಂಡಿಯಿಂದ ಕಾಣುವ ಹೆಸರನ್ನು ಯಾವ ಆಬ್ಜೆಕ್ಟ್ ಬೇಕಾದರೂ ತನಗಿಷ್ಟ ಬಂದಂತೆ ಬದಲಿಸಿಕೊಳ್ಳಲು ಅವಕಾಶವಾಯಿತು, ಮಿಲ್ಲರ್ ಉಪಾಯದ ಗಟ್ಟಿತನವೂ ಹೋಯಿತು.

ಈ ಪರೀಕ್ಷೆಗಳ ಮೇಲೆ ವೆಬ್ ಎಷ್ಟು ಭಾರ ಹೊರಿಸಿದೆ ಎಂಬುದು 2020ರ ಏಪ್ರಿಲ್‌ನಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ‘ಈಸ್-ಪ್ರಾಮಿಸ್’ ಎಂಬುದು ಎನ್‌ಪಿಎಮ್ ಭಂಡಾರದಲ್ಲಿದ್ದ ಪುಟಾಣಿ ಪ್ಯಾಕೇಜ್. ಅದು ಮಾಡುವುದಿಷ್ಟೇ: ಬಂದದ್ದು ನಲ್ ಅಲ್ಲವೇ, ಟೈಪ್ ಆಬ್ಜೆಕ್ಟ್ ಅಥವಾ ಫಂಕ್ಷನ್ ಹೌದೇ, ಅದರೊಳಗೆ ‘ದೆನ್’ ಎಂಬ ಫಂಕ್ಷನ್ ಇದೆಯೇ. ನಲ್ ಅಲ್ಲವೇ ಎಂಬ ಆ ಮೊದಲ ಪ್ರಶ್ನೆ ಇರುವುದೇ 1995ರ ಟ್ಯಾಗ್‌ನಿಂದಾಗಿ. ಹೊಸ ಮಾಡ್ಯೂಲ್ ಪದ್ಧತಿಗೆ ಹೊಂದಿಸಲೆಂದು ತಂದ ಒಂದು ಆವೃತ್ತಿಯಲ್ಲಿ ಪ್ಯಾಕೇಜಿನ ವಿವರ ಕಡತ ತಪ್ಪಾಗಿತ್ತು. ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಮುಂತಾದ ದೊಡ್ಡ ಉಪಕರಣಗಳೇ ಕೆಲ ಗಂಟೆ ಓಡದಾದವು. ಪರೀಕ್ಷೆಯ ತರ್ಕದಲ್ಲಿ ಏನೂ ದೋಷವಿರಲಿಲ್ಲ. ಆದರೆ ಮೂರು ಪ್ರಶ್ನೆಗಳ ಉತ್ತರಕ್ಕೆ ಇಷ್ಟೊಂದು ಯೋಜನೆಗಳು ಹೊರಗಿನ ಪ್ಯಾಕೇಜನ್ನು ನೆಚ್ಚಿದ್ದವು ಎಂಬುದೇ ಹಲವರಿಗೆ ಹೊಸ ಸುದ್ದಿಯಾಗಿತ್ತು.

ಟೈಪ್‌ಆಫ್ ಉತ್ತರಿಸುವುದು ಸ್ಟ್ರಿಂಗ್‌ನಲ್ಲಿ. ಹೋಲಿಸುವಾಗ ‘ಅನ್‌ಡಿಫೈನ್ಡ್’ನ ಒಂದಕ್ಷರ ತಪ್ಪಿದರೂ ದೋಷ ಕಾಣುವುದಿಲ್ಲ, ಪರೀಕ್ಷೆ ಸುಮ್ಮನೆ ಸುಳ್ಳಾಗುತ್ತದೆ. ಕೋಡ್ ಓಡಿಸದೆಯೇ ಇಂಥವನ್ನು ಹಿಡಿಯುವ ಉಪಕರಣಗಳು ಅದಕ್ಕೇ ಹುಟ್ಟಿದವು. 2002ರಲ್ಲಿ ಕ್ರಾಕ್‌ಫರ್ಡ್ ಅವರ ಜೆಎಸ್‌ಲಿಂಟ್, 2013ರಲ್ಲಿ ನಿಕೋಲಸ್ ಝಕಾಸ್ ಅವರ ಇಎಸ್‌ಲಿಂಟ್. ಟೈಪ್‌ಆಫ್ ಎದುರು ಬರೆದ ಉತ್ತರ ನಿಜವಾಗಿಯೂ ಬರಬಹುದಾದದ್ದೇ ಎಂದು ನೋಡುವುದಕ್ಕೆಂದೇ ಇಎಸ್‌ಲಿಂಟ್‌ನಲ್ಲಿ ಒಂದು ನಿಯಮವಿದೆ.

ಓಡಿಸುವ ಮುಂಚೆಯೇ ಹಿಡಿಯುವ ಈ ಆಸೆ 2012ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನಿಂದ ಟೈಪ್‌ಸ್ಕ್ರಿಪ್ಟ್ ರೂಪದಲ್ಲಿ ಬಂತು. ಅದರ ಮುಂದಾಳು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್, ಟರ್ಬೊ ಪ್ಯಾಸ್ಕಲ್ ಮತ್ತು ಸಿ ಶಾರ್ಪ್ ಕಟ್ಟಿದವರು. ಜಾವಾಸ್ಕ್ರಿಪ್ಟ್ ಮೇಲೆ ಟೈಪುಗಳನ್ನು ಬರೆಯಬಹುದು, ಕಂಪೈಲರ್ ಅವನ್ನು ಪರೀಕ್ಷಿಸಿ ಅಳಿಸಿಹಾಕುತ್ತದೆ, ಬ್ರೌಸರ್‌ಗೆ ಹೋಗುವುದು ಶುದ್ಧ ಜಾವಾಸ್ಕ್ರಿಪ್ಟ್. ಗೂಗಲ್ 2009ರಲ್ಲೇ ಬಿಡುಗಡೆ ಮಾಡಿದ್ದ ಕ್ಲೋಷರ್ ಕಂಪೈಲರ್ ಟಿಪ್ಪಣಿಗಳಲ್ಲಿ ಬರೆದ ಟೈಪುಗಳನ್ನು ಓದುತ್ತಿತ್ತು. ಫೇಸ್‌ಬುಕ್ 2014ರಲ್ಲಿ ‘ಫ್ಲೋ’ ತಂದಿತು. ಅದೇ ವರ್ಷ ಗೂಗಲ್‌ನ ಆ್ಯಂಗ್ಯುಲರ್ ತಂಡ ಓಡುವಾಗಲೂ ಟೈಪ್ ಪರೀಕ್ಷಿಸುವ ‘ಆ್ಯಟ್‌ಸ್ಕ್ರಿಪ್ಟ್’ ಕಟ್ಟಲು ಹೊರಟು, 2015ರಲ್ಲಿ ಅದನ್ನು ಬಿಟ್ಟು ಟೈಪ್‌ಸ್ಕ್ರಿಪ್ಟ್ ಜೊತೆ ಸೇರಿತು.

ಟೈಪ್‌ಸ್ಕ್ರಿಪ್ಟ್‌ನ ದೊಡ್ಡ ಜಾಣತನ ಬೇರೊಂದು ಕಡೆ ಇದೆ. ಪ್ರೋಗ್ರಾಮರ್‌ಗಳ ಹಳೆಯ ರೂಢಿಗಳನ್ನು ಅದು ತಳ್ಳಿಹಾಕಲಿಲ್ಲ, ಅವನ್ನೇ ಓದಲು ಕಲಿಯಿತು. 2015ರ ಜನವರಿಯ 1.4 ಆವೃತ್ತಿಯಿಂದ, ಕೋಡ್‌ನಲ್ಲಿ ‘ಟೈಪ್‌ಆಫ್ ಸ್ಟ್ರಿಂಗ್ ಆಗಿದ್ದರೆ’ ಎಂಬ ಮಾತು ಕಂಡ ಕೂಡಲೇ ಆ ಕವಲಿನೊಳಗೆ ವ್ಯಾಲ್ಯೂ ಸ್ಟ್ರಿಂಗೇ ಎಂದು ಕಂಪೈಲರ್ ಅರಿತುಕೊಳ್ಳುತ್ತದೆ. 2016ರ 2.0 ಆವೃತ್ತಿಯಲ್ಲಿ ನಲ್ ಅನ್ನು ಕಟ್ಟುನಿಟ್ಟಾಗಿ ನೋಡುವ ಆಯ್ಕೆಯೂ ಸೇರಿತು. ಆ ಆಯ್ಕೆ ಚಾಲೂ ಇರುವಾಗ ‘ಟೈಪ್‌ಆಫ್ ಆಬ್ಜೆಕ್ಟ್ ಆಗಿದ್ದರೆ’ ಎಂದು ಬರೆದರೆ ಕವಲಿನೊಳಗೆ ನಲ್ ಕೂಡ ಇರಬಹುದು ಎಂದು ಕಂಪೈಲರ್ ನೆನಪಿಸುತ್ತದೆ. ಮೋಕಾದ ಟ್ಯಾಗ್ ಹೀಗೆ ಇಪ್ಪತ್ತು ವರ್ಷಗಳಾಚೆ ಇನ್ನೊಂದು ಕಂಪನಿಯ ಕಂಪೈಲರ್‌ನೊಳಗೂ ಬಂದು ಕುಳಿತಿತು.

ಟೈಪುಗಳನ್ನು ಅಳಿಸಿ ಕಳಿಸುವ ಕಾರಣದಿಂದ, ಸರ್ವರ್‌ನಿಂದ ಜೇಸನ್ ಬಂದಾಗ ಟೈಪ್‌ಸ್ಕ್ರಿಪ್ಟ್ ಏನನ್ನೂ ಖಾತರಿ ಮಾಡಲಾರದು. 2018ರ 3.0 ಆವೃತ್ತಿಯ ‘ಅನ್‌ನೋನ್’ ಟೈಪ್ ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ಪರೀಕ್ಷಿಸುವ ತನಕ ಆ ವ್ಯಾಲ್ಯೂವನ್ನು ಯಾವ ಕೆಲಸಕ್ಕೂ ಬಳಸಲು ಕಂಪೈಲರ್ ಬಿಡುವುದಿಲ್ಲ, ಪರೀಕ್ಷಿಸಲು ಇರುವುದು ಟೈಪ್‌ಆಫ್, ಈಸ್‌ಅರೇ, ಇನ್‌ಸ್ಟನ್ಸ್‌ಆಫ್ ಎಂಬ ಹಳೆಯ ಬಂಟರೇ. ಈ ಪರೀಕ್ಷೆಗಳನ್ನು ಒಂದು ನಮೂನೆಯಾಗಿ ಬರೆದುಕೊಡುವ ‘ಝಾಡ್’ನಂಥ ಲೈಬ್ರರಿಗಳು ಇದರ ಬೆನ್ನಿಗೇ ಬೆಳೆದವು. ಟೈಪುಗಳನ್ನು ಜಾವಾಸ್ಕ್ರಿಪ್ಟ್‌ನ ವ್ಯಾಕರಣಕ್ಕೇ ಸೇರಿಸೋಣ ಎಂಬ ಪ್ರಸ್ತಾವ 2022ರ ಮಾರ್ಚ್‌ನಲ್ಲಿ ಸಮಿತಿಯ ಮುಂದೆ ಬಂದು ಮೊದಲ ಹಂತ ತಲುಪಿದೆ. ಅಲ್ಲಿಯೂ ಎಂಜಿನ್ ಆ ಟೈಪುಗಳನ್ನು ಟಿಪ್ಪಣಿಗಳಂತೆ ದಾಟಿ ಮುಂದೆ ಹೋಗುತ್ತದೆ, ಪರೀಕ್ಷಿಸುವುದಿಲ್ಲ.

ಭಾಷೆಯೊಳಗೆ ಹೊಸ ಪರೀಕ್ಷೆಗಳು ಸೇರುವುದೂ ನಿಂತಿಲ್ಲ. ಅರೇಗೆ ಆದ ಕಷ್ಟವೇ ದೋಷಗಳನ್ನು ಹೊತ್ತು ತರುವ ‘ಎರರ್’ ಆಬ್ಜೆಕ್ಟ್‌ಗೂ ಇತ್ತು: ಬೇರೆ ಫ್ರೇಮ್‌ನಿಂದ ಬಂದದ್ದನ್ನು ಇನ್‌ಸ್ಟನ್ಸ್‌ಆಫ್ ಗುರುತಿಸದು, ಟುಸ್ಟ್ರಿಂಗ್ ಕಿಂಡಿಯನ್ನು 2015ರ ನಂತರ ನಂಬುವಂತಿಲ್ಲ. 2025ರಲ್ಲಿ ಸಮಿತಿ ‘ಎರರ್ ಈಸ್‌ಎರರ್’ ಫಂಕ್ಷನ್‌ಗೆ ಅಂತಿಮ ಒಪ್ಪಿಗೆ ಕೊಟ್ಟಿತು. ಅದು ಆಬ್ಜೆಕ್ಟ್‌ನ ಹೊರಗಿನ ಹೆಸರನ್ನೂ ಹುಟ್ಟಿದ ಫ್ರೇಮನ್ನೂ ನೋಡುವುದಿಲ್ಲ. ನಿಜವಾದ ಎರರ್ ಹುಟ್ಟುವಾಗ ಎಂಜಿನ್ ಅದರೊಳಗೆ ಇಡುವ, ಕೋಡ್ ಬರೆಯುವವರ ಕೈಗೆ ಸಿಗದ ಗುರುತನ್ನು ಮಾತ್ರ ನೋಡುತ್ತದೆ.